ತೋಳದ ಹೆಸರಿನ ನ್ಯಾಯಾಧೀಶರು

(ಇಂಗ್ಲೆಂಡಿನ ಮಧ್ಯಯುಗದ ನ್ಯಾಯಾಧೀಶರು ಮತ್ತು ಹೆಸರುಗಳ ಅರ್ಥ ಕುರಿತ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಅಲ್ಲಲ್ಲಿ ಹಾಗೇ ಬಿಟ್ಟಿದೆ.)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ನೇರವಾಗಿ ಕೋರ್ಟಿಗೇ ಹೋಗೋಣ.

1305ನೇ ಇಸವಿ. ವೆಸ್ಟ್‌ಮಿನ್‌ಸ್ಟರ್‌ನ ದೊಡ್ಡ ಹಜಾರ. ಒಬ್ಬ ವಕೀಲ ಒಂದು ಕಾಯ್ದೆಗೆ ತನಗೆ ಬೇಕಾದ ಅರ್ಥ ಹಚ್ಚಿ ವಾದ ಮಾಡುತ್ತಿದ್ದಾನೆ. ಪೀಠದಲ್ಲಿದ್ದ ಮುಖ್ಯ ನ್ಯಾಯಮೂರ್ತಿಗೆ ರೇಗಿತು. "ಕಾಯ್ದೆಗೆ ವ್ಯಾಖ್ಯಾನ ಹೇಳಬೇಡ. ಅದು ನಿಮಗಿಂತ ನಮಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅದನ್ನು ಮಾಡಿದವರೇ ನಾವು" ಅಂದುಬಿಟ್ಟ. ಹೇಳಿದ್ದು ಫ್ರೆಂಚಿನಲ್ಲಿ. ಆಗಿನ ಕೋರ್ಟಿನ ವಾದವೆಲ್ಲ ಫ್ರೆಂಚಿನಲ್ಲೇ ನಡೆಯುತ್ತಿತ್ತು. ಯಾರೋ ಬರೆದಿಟ್ಟುಕೊಂಡರು, ಹಾಗಾಗಿ ಮಾತು ಉಳಿಯಿತು.

ಈ ಮನುಷ್ಯನ ಹೆಸರು ರಾಲ್ಫ್ ಹೆಂಗಮ್. ರಾಲ್ಫ್ ಅನ್ನುವುದು ಎರಡು ಹಳೆಯ ಜರ್ಮಾನಿಕ್ (ಇಂಗ್ಲಿಷ್, ಜರ್ಮನ್ ಸೇರಿದ ಭಾಷಾ ಕುಟುಂಬದ) ಪದ ಸೇರಿ ಆದ ಹೆಸರು. ಮೊದಲನೆಯದಕ್ಕೆ ಅರ್ಥ ಆಲೋಚನೆ, ಸಲಹೆ. ಎರಡನೆಯದಕ್ಕೆ ತೋಳ. ಮಂತ್ರಾಲೋಚನೆ ಮಾಡುವ ತೋಳ! ವಕೀಲನನ್ನು ಹಾಗೆ ಬಾಯಿ ಮುಚ್ಚಿಸಿದ ಜಡ್ಜಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ, ಅಲ್ವಾ?

ಆದರೆ ಈ ಅರ್ಥ ಹೆಂಗಮ್‌ಗೆ ತಿಳಿದಿರುವ ಸಾಧ್ಯತೆ ತೀರಾ ಕಡಿಮೆ. ಅವನ ಎದುರು ನಿಂತವನಿಗೂ ಅಷ್ಟೇ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ: ಆ ಕಾಲದ ಇಂಗ್ಲಿಷ್ ನ್ಯಾಯಾಧೀಶರ ಹೆಸರಿನಲ್ಲಿ ತೋಳ, ಈಟಿ, ಸೈನ್ಯ ಎಲ್ಲ ಇತ್ತು. ಕೋರ್ಟಿಗೆ ಮಾತ್ರ ಹೆಸರಿನ ಅರ್ಥದಿಂದ ಏನೂ ಆಗಬೇಕಿರಲಿಲ್ಲ. ಹೆಸರು ಸರಿಯಾಗಿದೆಯೋ ಇಲ್ಲವೋ ಅನ್ನುವುದರ ಮೇಲೆ ಮಾತ್ರ ಪ್ರಾಣವನ್ನೇ ಇಟ್ಟುಕೊಂಡಿತ್ತು.

ಮೊದಲು ಈ ತೋಳಗಳೆಲ್ಲ ಎಲ್ಲಿಂದ ಬಂದವು ಅಂತ ನೋಡೋಣ.

ಹಳೆಯ ಇಂಗ್ಲಿಷರು ಮಗುವಿಗೆ ಹೆಸರಿಡುವಾಗ ಎರಡು ಪದ ಜೋಡಿಸುತ್ತಿದ್ದರು. ಜೋಡಿಸಿದ ಮೇಲೆ ಒಟ್ಟಾರೆ ಏನು ಅರ್ಥ ಬರುತ್ತದೆ ಅನ್ನುವ ಚಿಂತೆ ಅಷ್ಟಾಗಿ ಇರಲಿಲ್ಲ. ವೂಸ್ಟರ್‌ನ ಬಿಷಪ್ ವುಲ್ಫ್‌ಸ್ಟನ್ ತೀರಿಕೊಂಡದ್ದು 1095ರಲ್ಲಿ. ಆ ಹೆಸರನ್ನು ಒಡೆದರೆ ತೋಳ, ಕಲ್ಲು ಅಂತ ಸಿಗುತ್ತದೆ. ತೋಳಗಲ್ಲು ಅಂದರೆ ಏನು ಮಣ್ಣು? ಅವನ ತಾಯಿಯ ಹೆಸರು ವುಲ್ಫ್‌ಗಿಫು, ತಂದೆಯ ಹೆಸರು ಏಥೆಲ್‌ಸ್ಟನ್. ತಾಯಿಯದು ಅರ್ಧ, ತಂದೆಯದು ಅರ್ಧ. ಲೆಕ್ಕ ಮುಗಿಯಿತು. ಹೆಸರು ಯಾರ ಮನೆಯ ಮಗು ಎಂದು ಹೇಳುತ್ತಿತ್ತೇ ಹೊರತು ಮಗು ಎಂಥದ್ದು ಎಂದು ಹೇಳುತ್ತಿರಲಿಲ್ಲ.

ಹಾಗಂತ ಅರ್ಥ ಗೊತ್ತೇ ಇರಲಿಲ್ಲ ಅನ್ನುವಂತಿಲ್ಲ. ಅಲ್ಲಿ ಏಥೆಲ್‌ರೆಡ್ ಎಂಬ ರಾಜನಿದ್ದ, 1016ರಲ್ಲಿ ಸತ್ತ. ಹೆಸರಿನ ಅರ್ಥ ಉದಾತ್ತ ಆಲೋಚನೆ. ಜನ ಅದಕ್ಕೆ 'ಅನ್‌ರೆಡ್' ಅಂತ ಬಾಲ ಅಂಟಿಸಿದರು. ಅಂದರೆ ಆಲೋಚನೆಗೇಡಿ. ಈ ಕುಹಕ ಬರಹದಲ್ಲಿ ಮೊದಲು ಕಾಣಿಸುವುದು 1180ರ ದಶಕದಲ್ಲಿ, ರಾಜ ಸತ್ತು ನೂರೈವತ್ತು ವರ್ಷ ದಾಟಿದ ಮೇಲೆ. ಇಂಗ್ಲಿಷ್ ಮನೆಮಾತಾಗಿದ್ದವರಿಗೆ ಅಷ್ಟರ ಮಟ್ಟಿಗೆ ಹೆಸರಿನ ಒಳಗುಟ್ಟು ಕಿವಿಗೆ ಬೀಳುತ್ತಿತ್ತು.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ನಾರ್ಮನ್ನರು ಬಂದು ಇಂಗ್ಲೆಂಡನ್ನು ಗೆದ್ದರು. ಫ್ರೆಂಚ್ ಮಾತಾಡುವ ಜನ, ಆದರೆ ಅವರ ಹೆಸರುಗಳೂ ಮೂಲದಲ್ಲಿ ಜರ್ಮಾನಿಕ್ಕೇ. ವಿಲಿಯಂ, ರಾಬರ್ಟ್, ರಿಚರ್ಡ್, ಹೆನ್ರಿ, ರಾಲ್ಫ್. ಹಿಂದಿನ ಫ್ರಾಂಕರಿಂದಲೂ ವೈಕಿಂಗರಿಂದಲೂ ಬಂದ ಹೆಸರುಗಳು. ಭಾಷೆ ಬಿಟ್ಟುಹೋಗಿತ್ತು, ಹೆಸರು ಮಾತ್ರ ಉಳಿದಿತ್ತು. ವಿಲಿಯಂ ಅಂದರೆ ಸಂಕಲ್ಪ ಮತ್ತು ಶಿರಸ್ತ್ರಾಣ ಅನ್ನುವುದು ವಿಲಿಯಮ್ಮನಿಗೇ ಗೊತ್ತಿರಲಿಲ್ಲ. ಅವನಿಗೆ ಅದು ಅಪ್ಪನ, ಅಜ್ಜನ, ದೊಡ್ಡ ಮನೆತನದ ಹೆಸರು, ಅಷ್ಟೇ.

ಆಮೇಲೆ ನಡೆದದ್ದು ಸ್ವಲ್ಪ ನೋವಿನ ಕಥೆ. ಎರಡು ಶತಮಾನದೊಳಗೆ ಗಾಡ್‌ವಿನ್, ಲಿಯೋಫ್ರಿಕ್, ವುಲ್ಫ್‌ಸ್ಟನ್‌ನಂಥ ಹಳೆಯ ಹೆಸರುಗಳು ಹೆಚ್ಚುಕಡಿಮೆ ಮಾಯವಾದವು. ಯಾರೂ ಕಾನೂನು ಮಾಡಿ ನಿಷೇಧಿಸಲಿಲ್ಲ. ನಾಚಿಕೆ ಸಾಕಾಯಿತು. ವಿಟ್ಬಿ ಕಡೆಯ ಒಬ್ಬ ಹುಡುಗನಿಗೆ ತಂದೆತಾಯಿ ಟಾಸ್ಟಿಗ್ ಅಂತ ಹೆಸರಿಟ್ಟಿದ್ದರು. ಜೊತೆಯ ಹುಡುಗರು ಗೇಲಿ ಮಾಡಿದರು. ಅವನು ವಿಲಿಯಂ ಆದ. ಮುಂದೆ ಸನ್ಯಾಸಿಯಾದಾಗ ಬಾರ್ತಲೋಮ್ಯೂ ಆದ, ಫಾರ್ನ್ ದ್ವೀಪದ ಸಂತ ಅಂತ ಹೆಸರಾದ. ಒಂದೇ ಜನ್ಮದಲ್ಲಿ ಮೂರು ಹೆಸರು. ಅರಮನೆಯಲ್ಲೂ ಇದೇ ಕಥೆ. ಮೊದಲನೆಯ ಹೆನ್ರಿ 1100ರಲ್ಲಿ ಮದುವೆಯಾದ ಹಳೆಯ ರಾಜವಂಶದ ಈಡಿತ್, ಮಟಿಲ್ಡಾ ಆದಳು. ಆದರೂ ನಾರ್ಮನ್ ಸರದಾರರು ಗಂಡಹೆಂಡಿರನ್ನು ಗಾಡ್ರಿಕ್, ಗಾಡ್‌ಗಿಫು ಅಂತ ಕರೆದು ನಗುತ್ತಿದ್ದರಂತೆ. ಹಳ್ಳಿ ಇಂಗ್ಲಿಷರ ಹೆಸರು ಅವು.

ಇನ್ನೊಂದು ಕಡೆ ವಿಲಿಯಂ ಹೆಸರಿನ ಹಾವಳಿ ಎಷ್ಟಿತ್ತು ಅಂದರೆ, 1170ರ ದಶಕದ ಮೊದಲಲ್ಲಿ ಒಂದು ಕ್ರಿಸ್‌ಮಸ್‌ಗೆ ಎರಡನೆಯ ಹೆನ್ರಿಯ ಮಗ ಯುವರಾಜ ಹೆನ್ರಿ ನಾರ್ಮಂಡಿಯಲ್ಲಿ ಔತಣ ಇಟ್ಟಿದ್ದ. ವಿಲಿಯಂ ಹೆಸರಿನ ಇಬ್ಬರು ದೊಡ್ಡ ಮನುಷ್ಯರಿಗೆ ಹುಡುಗಾಟ ಹತ್ತಿತು. ವಿಲಿಯಂ ಅಲ್ಲದವರು ಯಾರೂ ಈ ಕೋಣೆಯಲ್ಲಿ ಊಟ ಮಾಡಬಾರದು ಅಂತ ಉಳಿದವರನ್ನೆಲ್ಲ ಎಬ್ಬಿಸಿ ಕಳಿಸಿದರು. ಆಮೇಲೂ ವಿಲಿಯಂ ಹೆಸರಿನ 110 ಜನ ಯೋಧರೇ ಉಳಿದಿದ್ದರು ಅಂತ ಆ ಕಾಲದ ಚರಿತ್ರಕಾರ ರಾಬರ್ಟ್ ಆಫ್ ಟೊರಿನ್ಯಿ ಬರೆದಿಟ್ಟಿದ್ದಾನೆ.

ಈಗ ನ್ಯಾಯಪೀಠದ ಕಡೆ ತಿರುಗಿ. ಎರಡನೆಯ ಹೆನ್ರಿಯ ಮುಖ್ಯ ನ್ಯಾಯಾಧಿಕಾರಿ ರಾನುಲ್ಫ್ ಗ್ಲಾನ್‌ವಿಲ್. ಗುರಾಣಿ, ತೋಳ. ಇಂಗ್ಲಿಷ್ ಕಾನೂನಿನ ಮೊದಲ ದೊಡ್ಡ ಗ್ರಂಥ ಅವನ ಹೆಸರಿನಲ್ಲೇ ಓಡಾಡುತ್ತದೆ, ಬರೆದವನು ಅವನೇನಾ ಅನ್ನುವ ತಕರಾರು ಇದ್ದರೂ. ಅವನು 1190ರಲ್ಲಿ ಕ್ರುಸೇಡಿಗೆ, ಅಂದರೆ ಕ್ರೈಸ್ತರ ಧರ್ಮಯುದ್ಧಕ್ಕೆ, ಹೋಗಿ ಪ್ಯಾಲೆಸ್ತೀನಿನ ಏಕರ್ ಪಟ್ಟಣದಲ್ಲಿ ಸತ್ತ. ಅವನ ಹೆಂಡತಿಯ ಸೋದರಿಯ ಮಗ ಹ್ಯೂಬರ್ಟ್ ವಾಲ್ಟರ್ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪೂ ಆದ, ನ್ಯಾಯಾಧಿಕಾರಿಯೂ ಆದ. ಹ್ಯೂಬರ್ಟ್ ಎಂದರೆ ಬೆಳಗುವ ಮನಸ್ಸು. ವಾಲ್ಟರ್ ಎಂದರೆ ಸೈನ್ಯದ ಒಡೆಯ. ರೋಜರ್ ಬ್ರಾಬಜಾನ್ ಬಂದರೆ ಕೀರ್ತಿಯ ಈಟಿ. ಗಿಲ್ಬರ್ಟ್ ಥಾರ್ನ್‌ಟನ್ ಹೊಳೆಯುವ ಒತ್ತೆ. ಹೆನ್ರಿ ಬ್ರ್ಯಾಕ್ಟನ್ ಮನೆಯ ಯಜಮಾನ. ಈ ಯಜಮಾನನಿಗೆ ಹೆಂಡತಿ ಮಕ್ಕಳ ಸಂಸಾರವೇ ಇರಲಿಲ್ಲ. ಅವನು ಪಾದ್ರಿ. 1268ರಲ್ಲಿ ಸತ್ತಾಗ ಎಕ್ಸೆಟರ್ ಕೆಥೆಡ್ರಲ್ಲಿನಲ್ಲೇ ಹೂಳಿದರು. ಹದಿಮೂರನೆಯ ಶತಮಾನದ ಎಷ್ಟೋ ಜಡ್ಜುಗಳು ಹೀಗೆ ಚರ್ಚಿನ ಸಂಬಳ ತಿನ್ನುತ್ತಿದ್ದವರೇ. ಕತ್ತಿ ಹಿಡಿಯಬಾರದ ಪಾದ್ರಿಗಳ ಹೆಸರಿನಲ್ಲಿ ಈಟಿ, ಶಿರಸ್ತ್ರಾಣ, ಗುರಾಣಿ! ಬ್ರ್ಯಾಕ್ಟನ್ ಹೆಸರಿನ ಟಿಪ್ಪಣಿ ಪುಸ್ತಕದಲ್ಲಿ ಸುಮಾರು 2000 ಪ್ರಕರಣಗಳ ನಕಲಿದೆ. ಅವೆಲ್ಲ ಹಿಂದಿನ ಜಡ್ಜುಗಳಾದ ಮಾರ್ಟಿನ್ ಪ್ಯಾಟಿಶಲ್, ವಿಲಿಯಂ ರಾಲಿ ಇವರ ಕಾಲದ ದಫ್ತರಗಳಿಂದ ಎತ್ತಿಕೊಂಡವು. ಮಾರ್ಟಿನ್ ಅನ್ನುವುದೂ ರೋಮನ್ನರ ಯುದ್ಧದೇವತೆ ಮಾರ್ಸ್‌ನಿಂದ ಬಂದದ್ದೇ.

ಒಂದು ಬಗೆಯ ಹೆಸರಿನ ಅರ್ಥ ಮಾತ್ರ ಓದಿದವರಿಗೆಲ್ಲ ಗೊತ್ತಿತ್ತು. ಬೈಬಲ್ಲಿನ ಹೆಸರುಗಳು. ಹೀಬ್ರೂ ಹೆಸರುಗಳಿಗೆ ಸಂತ ಜೆರೋಮ್ ಮಾಡಿದ ಅರ್ಥಕೋಶ ಮಠಗಳಲ್ಲಿ ಇರುತ್ತಿತ್ತು. 1260ರ ಹೊತ್ತಿಗೆ ಯಾಕೋಪೊ ದ ವರಾಜಿನೆ ಎಂಬ ಇಟಲಿಯ ಪಾದ್ರಿ ಸಂತರ ಕಥೆಗಳ ಸಂಗ್ರಹ ಮಾಡಿದ. ಅದರಲ್ಲಿ ಹೆಚ್ಚಿನ ಕಥೆಗಳು ಸಂತನ ಹೆಸರಿನ ಅರ್ಥದಿಂದಲೇ ಶುರುವಾಗುತ್ತವೆ. ತೋಮ (ಇಂಗ್ಲಿಷಿನಲ್ಲಿ ಥಾಮಸ್) ಅಂದರೆ ಪಾತಾಳ, ಇಲ್ಲವೇ ಅವಳಿ ಅನ್ನುತ್ತದೆ ಆ ಪುಸ್ತಕ. ಪಾತಾಳ ಅನ್ನುವುದು ಸುಮ್ನೆ ಹೊಸೆದದ್ದು. ಅವಳಿ ಸರಿ, ಅರಾಮಿಕ್ ಭಾಷೆಯಲ್ಲಿ ಹಾಗೇ ಇದೆ.

ಇಲ್ಲಿ ನನಗೆ ಇಷ್ಟವಾದ ಇಬ್ಬರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಒಬ್ಬ ಥಾಮಸ್, ಇನ್ನೊಬ್ಬ ಸಾಲೊಮನ್.

1289ರಲ್ಲಿ ಮೊದಲನೆಯ ಎಡ್ವರ್ಡ್ ದೊರೆ ಮೂರು ವರ್ಷ ಫ್ರಾನ್ಸಿನ ಗ್ಯಾಸ್ಕನಿಯಲ್ಲಿದ್ದು ವಾಪಸ್ ಬಂದ. ಬಂದವನೇ, ಅಧಿಕಾರಿಗಳಿಂದ ಯಾರಿಗೆ ಅನ್ಯಾಯವಾಗಿದೆಯೋ ಅವರೆಲ್ಲ ಬಂದು ದೂರು ಕೊಡಿ ಅಂತ ಸಾರಿಸಿದ. ದೂರುಗಳ ರಾಶಿ ಬಿತ್ತು. ದೊಡ್ಡ ದೊಡ್ಡ ಜಡ್ಜುಗಳೇ ಹುದ್ದೆ ಕಳೆದುಕೊಂಡರು, ದಂಡ ಕಟ್ಟಿದರು. ನಮ್ಮ ರಾಲ್ಫ್ ಹೆಂಗಮ್ಮೂ ಅವರಲ್ಲಿ ಒಬ್ಬ, 1290ರಲ್ಲಿ ಅವನ ಹುದ್ದೆ ಹೋಯಿತು. ಆಗ ಅವನು ರಾಜನಿಗೆ ಸಂಬಂಧಪಟ್ಟ ಮೊಕದ್ದಮೆಗಳ ಕಿಂಗ್ಸ್ ಬೆಂಚ್ ಕೋರ್ಟಿನ ಮುಖ್ಯ ನ್ಯಾಯಮೂರ್ತಿ. ಹನ್ನೊಂದು ವರ್ಷದ ಮೇಲೆ, 1301ರಲ್ಲಿ, ಮತ್ತೆ ಕರೆಸಿ, ಪ್ರಜೆಗಳ ನಡುವಿನ ದಾವೆ ಕೇಳುವ ಕಾಮನ್ ಪ್ಲೀಸ್ ಕೋರ್ಟಿಗೆ ಮುಖ್ಯಸ್ಥನನ್ನಾಗಿ ಮಾಡಿದರು. ಕೆಲಸ ಬಲ್ಲವನನ್ನು ಬಹಳ ದಿನ ದೂರ ಇಡಲಾಗುವುದಿಲ್ಲ.

ಥಾಮಸ್ ವೇಲ್ಯಾಂಡ್‌ನದು ಬೇರೆ ದಾರಿ. ಅವನು ಕಾಮನ್ ಪ್ಲೀಸ್‌ನ ಮುಖ್ಯ ನ್ಯಾಯಮೂರ್ತಿ. ಅವನ ಆಳುಗಳು ಸಫಕ್ ಪ್ರಾಂತ್ಯದಲ್ಲಿ ಒಂದು ಕೊಲೆ ಮಾಡಿದರು. ಅವರಿಗೆ ಇವನೇ ಆಸರೆ ಕೊಟ್ಟ ಅಂತ ಆರೋಪ ಬಂತು. ಬಂಧನದಿಂದ ತಪ್ಪಿಸಿಕೊಂಡವನು ಬರಿ ಸೇಂಟ್ ಎಡ್ಮಂಡ್ಸ್ ಊರಿನ ಪಕ್ಕದ ಬ್ಯಾಬ್‌ವೆಲ್‌ನಲ್ಲಿದ್ದ ಫ್ರಾನ್ಸಿಸ್ಕನ್ ಮಠ ಸೇರಿ ಸನ್ಯಾಸಿಯ ಬಟ್ಟೆ ಹಾಕಿಕೊಂಡುಬಿಟ್ಟ. ಪವಿತ್ರ ಜಾಗಕ್ಕೆ ನುಗ್ಗಿ ಹಿಡಿಯುವ ಹಾಗಿಲ್ಲ. ಸುತ್ತ ಕಾವಲು ಹಾಕಿ, ಒಳಗೆ ದವಸ ಹೋಗದಂತೆ ತಡೆದರು. ಮಠದವರು ಒಬ್ಬೊಬ್ಬರಾಗಿ ಹೊರಬಿದ್ದರು. ಕೊನೆಗೆ ಇವನೂ ಬಂದ. ಮೂರು ದಾರಿ ಮುಂದಿಟ್ಟರು: ವಿಚಾರಣೆ, ಜೀವಮಾನದ ಸೆರೆ, ಇಲ್ಲವೇ ದೇಶ ಬಿಟ್ಟು ಹೋಗುವುದು. ಅವನು ಮೂರನೆಯದನ್ನು ಆರಿಸಿಕೊಂಡ. 1290ರಲ್ಲಿ ಬರಿಗಾಲು, ಬರಿತಲೆ, ಕೈಯಲ್ಲಿ ಶಿಲುಬೆ, ಡೋವರ್ ಬಂದರಿಗೆ ನಡೆದ. ಒಂದು ವರ್ಷದ ಹಿಂದೆ ಇದೇ ಶಿಕ್ಷೆಯನ್ನು ಬೇರೆಯವರಿಗೆ ವಿಧಿಸಬಲ್ಲವನಾಗಿದ್ದ. ಜಡ್ಜು ಒಬ್ಬ, ಸನ್ಯಾಸಿ ಒಬ್ಬ, ಒಂದೇ ಮೈಯಲ್ಲಿ ಇಬ್ಬರು. ಅವಳಿ ಅನ್ನುವ ಹೆಸರನ್ನು ಉಪದೇಶಕ್ಕೆ ಎಳೆದು ತರಲು ಪಾದ್ರಿಗಳಿಗೆ ಇದಕ್ಕಿಂತ ಒಳ್ಳೆ ಅವಕಾಶ ಬೇಕಿತ್ತೇ?

ಸಾಲೊಮನ್ ಕಥೆ ಇನ್ನೂ ವಿಚಿತ್ರ. ಕನ್ನಡ ಬೈಬಲ್ಲಿನಲ್ಲಿ ಸೊಲೊಮೋನ ಅಂತ ಬರುವ ಹೆಸರೇ ಇದು. ಒಂದು ಮಗುವಿಗಾಗಿ ಇಬ್ಬರು ಹೆಂಗಸರು ಜಗಳವಾಡಿದಾಗ, ಕತ್ತಿ ತನ್ನಿ, ಎರಡು ಭಾಗ ಮಾಡೋಣ ಅಂದ ರಾಜ. ನ್ಯಾಯ ತೀರ್ಮಾನಕ್ಕೆ ಇಡೀ ಕ್ರೈಸ್ತ ಲೋಕದ ಮಾದರಿ. ಹೆಸರಿನ ಬೇರು ಶಾಂತಿ ಅನ್ನುವ ಹೀಬ್ರೂ ಪದದಲ್ಲಿದೆ. ಕೆಂಟ್ ಪ್ರಾಂತ್ಯದ ರಾಚೆಸ್ಟರ್‌ನ ಈ ಸಾಲೊಮನ್ ಊರೂರು ತಿರುಗಿ ವಿಚಾರಣೆ ನಡೆಸುವ ರಾಜನ ನ್ಯಾಯಾಧೀಶ. 1290ರ ಶುದ್ಧೀಕರಣದಲ್ಲಿ ಅವನೂ ಭ್ರಷ್ಟಾಚಾರದ ಆರೋಪದ ಮೇಲೆ ಕೆಲಸ ಕಳೆದುಕೊಂಡ, ದೊಡ್ಡ ದಂಡ ತೆತ್ತ. 1294ರಲ್ಲಿ ಸತ್ತ. ಅನ್ನಪಾನಕ್ಕೆ ವಿಷ ಹಾಕಿ ಕೊಂದರು ಅಂತ ದೂರು, ಆರೋಪ ಬಂದದ್ದು ಸ್ನಾಡ್‌ಲ್ಯಾಂಡ್ ಊರಿನ ಪಾದ್ರಿಯ ಮೇಲೆ. ಜ್ಞಾನಿ ರಾಜನ ಹೆಸರು, ಶಾಂತಿಯ ಅರ್ಥ, ಬದುಕು ಹೀಗೆ. ಆ ಕಾಲದಲ್ಲೇ ಯಾರೋ ಒಬ್ಬ ಜಾಣ ಬೈಬಲ್ಲಿನ ಸಾಲುಗಳನ್ನೇ ಹೆಣೆದು, ಜಡ್ಜುಗಳ ಪತನವನ್ನು ಯೇಸುವಿನ ಯಾತನೆಯ ಕಥೆಯ ಧಾಟಿಯಲ್ಲಿ ಅಣಕಿಸಿ ಬರೆದ. ಆ ಅಣಕ ಈಗಲೂ ಉಳಿದಿದೆ.

ಸರಿ, ಕೋರ್ಟಿಗೆ ಹೆಸರು ಯಾಕೆ ಅಷ್ಟು ಮುಖ್ಯವಾಗಿತ್ತು? ಅದಕ್ಕೆ ದಾವೆ ಹೇಗೆ ನಡೆಯುತ್ತಿತ್ತು ಅಂತ ತಿಳಿಯಬೇಕು.

ನಿಮ್ಮ ಹೊಲವನ್ನು ಯಾರೋ ಒತ್ತಿಕೊಂಡಿದ್ದಾನೆ ಅಂತ ಇಟ್ಟುಕೊಳ್ಳಿ. ನೀವು ಮೊದಲು ಚಾನ್ಸರಿ ಅನ್ನುವ ರಾಜನ ಕಚೇರಿಯಲ್ಲಿ ದುಡ್ಡು ಕೊಟ್ಟು ಒಂದು ರಿಟ್, ಅಂದರೆ ರಾಜನ ಆಜ್ಞಾಪತ್ರ, ಕೊಳ್ಳಬೇಕು. ಒಂದು ಸಣ್ಣ ತೊಗಲಿನ ಪಟ್ಟಿ, ಅದರ ಮೇಲೆ ಲ್ಯಾಟಿನ್ನಿನಲ್ಲಿ ನಾಲ್ಕಾರು ಸಾಲು, ರಾಜನ ಮುದ್ರೆ. ಅದು ಪ್ರಾಂತ್ಯದ ರಾಜಾಧಿಕಾರಿಯಾದ ಶೆರಿಫ್ ಕೈಗೆ ಹೋಗುತ್ತದೆ. ಅವನು ಪ್ರತಿವಾದಿಗೆ ಸಮನ್ಸ್ ಕೊಡಿಸುತ್ತಾನೆ. ಪ್ರತಿವಾದಿ ಬಂದು ನಿಂತ. ಅವನ ಪರ ವಕೀಲ ಎದ್ದು, ರಿಟ್‌ನಲ್ಲಿ ಎಡ್ವರ್ಡ್ ಅಂತ ಬರೆದಿದೆ, ನನ್ನ ಕಕ್ಷಿದಾರ ಎಡ್ಮಂಡ್ ಅಂದ. ಮುಗಿಯಿತು. ಹೊಲ ಯಾರದ್ದು ಅನ್ನುವ ಮಾತೇ ಬರಲಿಲ್ಲ, ರಿಟ್ ಬಿದ್ದುಹೋಯಿತು. ಹೋಗಿ ಇನ್ನೊಂದು ಕೊಂಡುಕೊಂಡು ಬನ್ನಿ. ಆದರೆ ಈ ತಕರಾರು ಮೊದಲೇ ಎತ್ತಬೇಕು. ಹೊಲದ ವಿಚಾರಕ್ಕೆ ಉತ್ತರ ಕೊಟ್ಟ ಮೇಲೆ, ಅಯ್ಯೋ ನನ್ನ ಹೆಸರು ಅದಲ್ಲ ಅಂದರೆ ಯಾರೂ ಕೇಳುವುದಿಲ್ಲ. ಯಾವ ತಕರಾರು ಮೊದಲು, ಯಾವುದು ಆಮೇಲೆ ಅನ್ನುವುದೇ ಆಗಿನ ವಕೀಲರ ವಿದ್ಯೆಯ ಅರ್ಧ ಭಾಗ. ಹೆಂಗಮ್ ಹೆಸರಿನಲ್ಲಿ ಎರಡು ಪುಟ್ಟ ಕಾನೂನು ಪುಸ್ತಕಗಳಿವೆ, ಅವೂ ಇಂಥ ನಡಾವಳಿಯ ಬಗ್ಗೆಯೇ.

ಇಲ್ಲಿ ಒಂದು ಸೂಕ್ಷ್ಮ ಇದೆ. ಮನೆತನದ ಹೆಸರು ತಪ್ಪಿದ್ದರೆ, 'ಆ ಹೆಸರಿನಿಂದಲೂ ಇವನನ್ನು ಕರೆಯುತ್ತಾರೆ' ಅಂತ ವಾದಿ ಸಮಜಾಯಿಷಿ ಕೊಡಬಹುದಿತ್ತು. ಒಬ್ಬನಿಗೆ ಹತ್ತು ಅಡ್ಡಹೆಸರು ಇರಬಹುದು. ಆದರೆ ಜ್ಞಾನಸ್ನಾನದಲ್ಲಿ, ಅಂದರೆ ಮಗುವಿಗೆ ಕ್ರೈಸ್ತ ದೀಕ್ಷೆ ಕೊಡುವಾಗ, ಇಟ್ಟ ಹೆಸರು ಒಂದೇ. ಅದರಲ್ಲಿ ರಿಯಾಯಿತಿ ಇಲ್ಲ.

ಹಾಗಾದರೆ ಎರಡು ಹೆಸರು ಒಂದೇ ಅಂತ ಯಾವಾಗ ಒಪ್ಪುತ್ತಿದ್ದರು? ಕಾನೂನು ಸಂಗ್ರಹಗಳಲ್ಲಿ ಇದರ ತೀರ್ಮಾನಗಳು ಸಿಗುತ್ತವೆ. ಪಿಯರ್ಸ್ ಮತ್ತು ಪೀಟರ್ ಒಂದೇ. ಸಾಂಡರ್ ಮತ್ತು ಅಲೆಕ್ಸಾಂಡರ್ ಒಂದೇ. ಆಗ್ನೆಸ್ ಮತ್ತು ಆನ್ ಬೇರೆ ಬೇರೆ. ಯಾವುದರ ಮೂಲ ಯಾವುದು, ಯಾವ ಭಾಷೆ, ಏನರ್ಥ ಅಂತ ಯಾರೂ ಕೇಳಲಿಲ್ಲ. ಊರಲ್ಲಿ ಜನ ಒಂದೇ ಹೆಸರು ಅಂತ ಬಳಸುತ್ತಾರಾ, ಕಿವಿಗೆ ಹೇಗೆ ಕೇಳಿಸುತ್ತದೆ, ಇಷ್ಟೇ ಪ್ರಶ್ನೆ. ನನಗನ್ನಿಸುತ್ತದೆ, ಅರ್ಥ ಹುಡುಕುವ ನಮ್ಮಂಥವರಿಗಿಂತ ಈ ಜಡ್ಜುಗಳೇ ಹೆಸರನ್ನು ಚೆನ್ನಾಗಿ ಅರ್ಥಮಾಡಿಕೊಂಡಿದ್ದರು.

ಬರೆದದ್ದರ ಬಗ್ಗೆ ಎಷ್ಟು ಮಡಿ ಇತ್ತು ಅನ್ನುವುದಕ್ಕೆ ಹೆಂಗಮ್ ಬಗ್ಗೆಯೇ ಒಂದು ದಂತಕಥೆ ಇದೆ. ಕೋರ್ಟಿನ ನಡಾವಳಿಯನ್ನು ಕುರಿ ತೊಗಲಿನ ಹಾಳೆಗಳ ಮೇಲೆ ಬರೆದು, ಹಾಳೆಗಳ ತಲೆಯನ್ನು ಒಟ್ಟಿಗೆ ಹೊಲಿದು ಸುತ್ತಿ ಇಡುತ್ತಿದ್ದರು. ಅಕ್ಷರ ತಿದ್ದಬೇಕಾದರೆ ಚಾಕುವಿನಿಂದ ಕೆರೆಯಬೇಕು. ಒಬ್ಬ ಬಡವನಿಗೆ 13 ಶಿಲ್ಲಿಂಗ್ 4 ಪೆನ್ಸ್ ದಂಡ ಬಿದ್ದಿತ್ತು. ಹೆಂಗಮ್ ಕನಿಕರಪಟ್ಟು ಅದನ್ನು ಕೆರೆದು 6 ಶಿಲ್ಲಿಂಗ್ 8 ಪೆನ್ಸ್ ಮಾಡಿದನಂತೆ. ಸರಿಯಾಗಿ ಅರ್ಧ. ಅದಕ್ಕಾಗಿ ಅವನಿಗೇ 800 ಮಾರ್ಕ್ (ಆಗಿನ ಹಣದ ಲೆಕ್ಕ) ದಂಡ ಹಾಕಿ, ಆ ದುಡ್ಡಿನಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಗಡಿಯಾರ ಗೋಪುರ ಕಟ್ಟಿಸಿದರು ಅನ್ನುತ್ತಾರೆ. ಇತಿಹಾಸ ಬಲ್ಲವರು ಇದನ್ನು ನಂಬುವುದಿಲ್ಲ. ಆದರೆ ಜಡ್ಜುಗಳು ನಂಬಿದ್ದರು. ಒಂದನೆಯ ಎಲಿಜಬೆತ್ ಕಾಲದಲ್ಲಿ ದಫ್ತರ ತಿದ್ದೋಣ ಅಂತ ಮುಖ್ಯ ನ್ಯಾಯಮೂರ್ತಿಯೇ ಹೇಳಿದಾಗ, ಸೌತ್‌ಕೋಟ್ ಎಂಬ ಜಡ್ಜ್, ನನಗೆ ಗಡಿಯಾರ ಗೋಪುರ ಕಟ್ಟಿಸುವ ಇರಾದೆ ಇಲ್ಲ ಅಂತ ಒಪ್ಪಲೇ ಇಲ್ಲ.

ಜ್ಞಾನಸ್ನಾನದ ಹೆಸರು ಅಂದೆ. ಅದನ್ನು ಇಡುತ್ತಿದ್ದವರು ಯಾರು? ಜ್ಞಾನ ತಂದೆತಾಯಿಗಳು. ಮಗುವನ್ನು ತೊಟ್ಟಿಯ ನೀರಿನಿಂದ ಎತ್ತಿಕೊಂಡವರು. ಬಹಳ ಸಲ ತಮ್ಮದೇ ಹೆಸರು ಇಟ್ಟುಬಿಡುತ್ತಿದ್ದರು. ಜನನ ಪತ್ರ ಇಲ್ಲದ ಕಾಲ. ಜಮೀನ್ದಾರನ ಮಗ ಪ್ರಾಯಕ್ಕೆ ಬಂದಿದ್ದಾನಾ, ಆಸ್ತಿ ಬಿಟ್ಟುಕೊಡಬಹುದಾ ಅಂತ ತೀರ್ಮಾನಿಸಲು ಊರಿನ ಹನ್ನೆರಡು ಜನರನ್ನು ಕೂರಿಸಿ ಕೇಳುತ್ತಿದ್ದರು: ಇವನ ಜ್ಞಾನಸ್ನಾನ ಆದದ್ದು ಯಾವಾಗ, ನಿನಗೆ ಹೇಗೆ ನೆನಪಿದೆ? ಒಬ್ಬ, ಅವತ್ತೇ ನನ್ನ ಕಾಲು ಮುರಿಯಿತು ಅನ್ನುತ್ತಾನೆ. ಇನ್ನೊಬ್ಬ, ಅದೇ ವಾರ ನನ್ನ ಮನೆಗೆ ಬೆಂಕಿ ಬಿತ್ತು ಅನ್ನುತ್ತಾನೆ. ಮತ್ತೊಬ್ಬ ಅವತ್ತೇ ಅಪ್ಪನನ್ನು ಮಣ್ಣು ಮಾಡಿ ಬಂದಿದ್ದೆ ಅನ್ನುತ್ತಾನೆ. ಇಂಥ ಹೇಳಿಕೆಗಳು ರಾಶಿ ರಾಶಿ ಉಳಿದಿವೆ. ಒಂದೇ ಕಾರಣ ಬೇರೆ ಬೇರೆ ಊರುಗಳಲ್ಲಿ ಪದೇ ಪದೇ ಬರುವುದನ್ನು ನೋಡಿದರೆ, ಗುಮಾಸ್ತರು ಸ್ವಲ್ಪ ಕೈಚಳಕ ತೋರಿಸಿದ್ದೂ ಉಂಟು ಅನ್ನಿಸುತ್ತದೆ.

ಆ ಹೆಸರನ್ನು ಬದಲಿಸಲು ಸಾಧ್ಯವೇ ಇರಲಿಲ್ಲವೇ? ಒಂದೇ ಒಂದು ಕಿಂಡಿ ಇತ್ತು. 1281ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಾನ್ ಪೆಕಮ್ ಒಂದು ಆದೇಶ ಹೊರಡಿಸಿದ. ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಚೆಲ್ಲುಚೆಲ್ಲಾದ ಹೆಸರು ಇಡಲು ಪಾದ್ರಿಗಳು ಬಿಡಬಾರದು. ಇಟ್ಟಿದ್ದರೆ, ಜ್ಞಾನಸ್ನಾನ ಆದವರಿಗೆ ಮುಂದೆ ಬಿಷಪ್ ನಡೆಸುವ ದೃಢೀಕರಣದ ವಿಧಿಯಲ್ಲಿ ಅವನೇ ಬದಲಿಸಲಿ. ನೋಡಿ, ಅರ್ಥದ ಚಿಂತೆ ಇದ್ದದ್ದು ಚರ್ಚಿಗೆ. ಕೋರ್ಟು ಅದರಿಂದ ತೆಗೆದುಕೊಂಡದ್ದು ಮಾತ್ರ ಬೇರೆ: ಬಿಷಪ್ ಬದಲಿಸಿದರೆ ಹೆಸರು ಬದಲಾಯಿತು, ಇಲ್ಲದಿದ್ದರೆ ಇಲ್ಲ.

ಇದರಿಂದ ಲಾಭ ಪಡೆದವನು ಮಧ್ಯಯುಗ ಮುಗಿದ ಮೇಲಿನ ಒಬ್ಬ ಜಡ್ಜು. ನಾರ್ಫಕ್ ಪ್ರಾಂತ್ಯದ ಥಾಮಸ್ ಗಾಡಿ ಎಂಬುವನಿಗೆ ಮೂವರು ಹೆಂಡಿರು, ಒಬ್ಬರಾದ ಮೇಲೆ ಒಬ್ಬರು. ಮೂವರಿಗೂ ಒಂದೊಂದು ಗಂಡು. ಮೂರಕ್ಕೂ ಜ್ಞಾನಸ್ನಾನದಲ್ಲಿ ಇಟ್ಟ ಹೆಸರು ಥಾಮಸ್! ಅಪ್ಪ ಸೇರಿ ನಾಲ್ಕು ಥಾಮಸ್ ಗಾಡಿಗಳು. ಮಕ್ಕಳೆಲ್ಲ ಕಾನೂನು ಓದಿದರು. ಕಿರಿಯವನು ದೃಢೀಕರಣದ ಹೊತ್ತಿಗೆ ಫ್ರಾನ್ಸಿಸ್ ಆದ. ಆಸ್ತಿಪತ್ರಗಳಲ್ಲಿ ಯಾವ ಹೆಸರು ಹಾಕಲಿ ಅಂತ ಕೇಳಿದಾಗ, ಫ್ರಾನ್ಸಿಸ್ ಅಂತಲೇ ಹಾಕು ಅಂತ ಜಡ್ಜುಗಳು ಹೇಳಿದರು. 1588ರಲ್ಲಿ ನಡುವಿನ ಥಾಮಸ್ ಜಡ್ಜಾಗಿದ್ದಾಗಲೇ ತೀರಿಕೊಂಡ, ಅವನ ಜಾಗಕ್ಕೇ ಫ್ರಾನ್ಸಿಸ್ ಬಂದ. 1605ರಲ್ಲಿ ಮುಖ್ಯ ನ್ಯಾಯಮೂರ್ತಿಯೂ ಆದ. ಈ ಸಂಗತಿಯನ್ನು ದೊಡ್ಡ ಕಾನೂನು ಪಂಡಿತ ಎಡ್ವರ್ಡ್ ಕೋಕ್ ದಾಖಲಿಸಿ, ದೃಢೀಕರಣದಲ್ಲಿ ಬದಲಾದ ಹೆಸರಿಗೆ ಅದನ್ನೇ ನಿದರ್ಶನ ಮಾಡಿದ.

ಈಗ ಜಾನ್‌ಗಳ ಕಾಟಕ್ಕೆ ಬರೋಣ. ಹದಿನಾಲ್ಕನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಗಂಡಸರಲ್ಲಿ ಮೂವರಿಗೊಬ್ಬ ಜಾನ್. ಜಾನ್, ವಿಲಿಯಂ, ಥಾಮಸ್, ರಿಚರ್ಡ್, ರಾಬರ್ಟ್ ಈ ಐದೇ ಹೆಸರು ಸೇರಿದರೆ ಮುಕ್ಕಾಲು ಊರು ಮುಗಿಯಿತು. ಕೋರ್ಟಿಗೆ ಬಾರದವನನ್ನು ಕೌಂಟಿಯ, ಅಂದರೆ ಪ್ರಾಂತ್ಯದ, ಸಭೆಯಲ್ಲಿ ಒಂದಾದ ಮೇಲೊಂದರಂತೆ ಐದು ಸಲ ಕೂಗಿಸುತ್ತಿದ್ದರು. ನಮ್ಮ ಕೋರ್ಟಿನ ಬಾಗಿಲಲ್ಲಿ ಜವಾನ ಹೆಸರು ಕೂಗುತ್ತಾನಲ್ಲ, ಹಾಗೆ. ಆದರೆ ಇಲ್ಲಿ ಐದನೆಯ ಸಲವೂ ಬಾರದಿದ್ದರೆ ಅವನು ಕಾನೂನಿನ ಹೊರಗಿನವನು, ಸರಕು ಸರಂಜಾಮು ರಾಜನ ಪಾಲು. ಕೂಗಿದ್ದು ಯಾವ ಜಾನ್ ಸ್ಮಿತ್‌ನನ್ನು? ಏನೂ ಮಾಡದ ಜಾನ್ ಸ್ಮಿತ್ ಸಿಕ್ಕಿಹಾಕಿಕೊಂಡರೆ?

ಅದಕ್ಕೇ 1413ರಲ್ಲಿ, ಐದನೆಯ ಹೆನ್ರಿಯ ಮೊದಲ ವರ್ಷದಲ್ಲೇ, ಒಂದು ಕಾಯ್ದೆ ಬಂತು. ಇಂಥ ಮೊಕದ್ದಮೆಗಳಲ್ಲಿ ಪ್ರತಿವಾದಿಯ ಹೆಸರಿನ ಮುಂದೆ ಅವನ ಅಂತಸ್ತು ಅಥವಾ ಕಸುಬು, ಊರು, ಕೌಂಟಿ ಬರೆಯಲೇಬೇಕು. ಇಲ್ಲದಿದ್ದರೆ ರಿಟ್ ಬಿದ್ದುಹೋಗುತ್ತದೆ. ಜೆಂಟಲ್‌ಮನ್ ಅನ್ನುವ ಪದ ಒಂದು ಅಂತಸ್ತಿನ ಹೆಸರಾಗಿ ಕೋರ್ಟಿನ ಕಾಗದಗಳಲ್ಲಿ ತುಂಬಿಕೊಂಡದ್ದು ಇದಾದ ಮೇಲೇ. ನೇಗಿಲು ಹಿಡಿಯುವವನೂ ಅಲ್ಲ, ನೈಟ್ ಅನ್ನುವ ಯೋಧ ಪದವಿಯವನೂ ಅಲ್ಲ, ಏನಂತ ಬರೆಯುವುದು? ಜೆಂಟಲ್‌ಮನ್ ಅಂತ ಬರೆ.

ನಮ್ಮ ಕೋರ್ಟುಗಳಿಗೂ ಇದರ ಎಳೆ ಬಂದಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಏಳನೆಯ ಆದೇಶ ತೆರೆದು ನೋಡಿ. ದಾವೆ ಪತ್ರದಲ್ಲಿ ವಾದಿ ಪ್ರತಿವಾದಿಯರ ಹೆಸರು, ವಿವರ, ವಾಸಸ್ಥಳ ಇರಬೇಕು ಅನ್ನುತ್ತದೆ. ತಾಲ್ಲೂಕು ಕೋರ್ಟಿನ ಟೈಪಿಸ್ಟ್ 'ಬಿನ್ ಲೇಟ್ ಇಂಥವರು, ಕಸುಬು ವ್ಯವಸಾಯ, ವಾಸ ಇಂಥ ಗ್ರಾಮ' ಅಂತ ಹೊಡೆಯುತ್ತಾನಲ್ಲ, ಅದರಲ್ಲಿ ಬಿನ್ ಅನ್ನುವುದು ಬಂದ ದಾರಿ ಬೇರೆ. ಆದರೆ ಕಸುಬು, ವಾಸ ಇವಕ್ಕೆ ಇಂಗ್ಲಿಷ್ ಕಾನೂನಿನ ನಂಟಿದೆ.

ಉಪನ್ಯಾಸದ ನಂತರ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: "ಸರ್, ಹೆಂಗಸರ ಹೆಸರು ಏನಾಗುತ್ತಿತ್ತು?" ಮದುವೆಯಿಂದ ಹೆಂಗಸಿನ ಹೆಸರಿನ ಹಿಂದೆ ಮುಂದೆ ಇರುವುದೆಲ್ಲ ಬದಲಾಗಬಹುದಿತ್ತು. ದಫ್ತರದಲ್ಲಿ ವಿಧವೆಯನ್ನು 'ಜಾನನ ಹೆಂಡತಿಯಾಗಿದ್ದ ಆಲಿಸ್' ಅಂತ ಬರೆಯುತ್ತಿದ್ದರು. ಆಲಿಸ್ ಮಾತ್ರ ಆಲಿಸ್ಸೇ. ಒಂದು ಲೆಕ್ಕದಲ್ಲಿ ಅವಳ ಸ್ವಂತದ್ದು ಅಂತ ಕೋರ್ಟು ಒಪ್ಪಿದ್ದು ಅದೊಂದನ್ನೇ.

ಇನ್ನೊಬ್ಬರ ಪ್ರಶ್ನೆ ಸ್ವಾರಸ್ಯವಾಗಿತ್ತು. "ಹೆಸರಿಗೆ ಶಕ್ತಿ ಇದೆ ಅಂತ ನಂಬಿದ ಒಬ್ಬ ಜಡ್ಜೂ ಇರಲಿಲ್ಲವಾ?"

ಇದ್ದ. ರಾಬರ್ಟ್ ಟ್ರೆಸಿಲಿಯನ್. ಅವನ ಕಥೆಗೆ 1381ರಿಂದ ಬರಬೇಕು. ಆ ಜೂನ್‌ನಲ್ಲಿ ರೈತರು ದಂಗೆ ಎದ್ದರು. ಮುಂದಾಳು ವಾಟ್ ಟೈಲರ್. ವಾಟ್ ಅಂದರೆ ವಾಲ್ಟರ್, ಸೈನ್ಯದ ಒಡೆಯ, ಹೆಸರಿಗೆ ತಕ್ಕಂತೆ. ಕವಿ ಜಾನ್ ಗೋವರ್ ಲ್ಯಾಟಿನ್ನಿನ ಒಂದು ದೀರ್ಘ ಪದ್ಯದಲ್ಲಿ ದಂಗೆಕೋರರನ್ನು ಅವರನ್ನು ಮನೆಯಲ್ಲಿ ಕರೆಯುವ ಗಿಡ್ಡ ಹೆಸರುಗಳಿಂದಲೇ ಲೇವಡಿ ಮಾಡಿದ್ದಾನೆ. ವಾಟ್ ಕೂಗುತ್ತಾನೆ, ಟಾಮ್ ಬರುತ್ತಾನೆ, ಸಿಮ್ ತಡಮಾಡುವುದಿಲ್ಲ, ಹೀಗೆ ಗಿಬ್, ಹಿಕ್, ಹಾಬ್, ಜ್ಯಾಕ್. ಹಾಬ್ ಅಂದರೆ ರಾಬರ್ಟ್. ಕೋರ್ಟಿನ ದಫ್ತರದಲ್ಲಿ ಬರೆದರೆ ಹಳ್ಳಿಯ ಹಾಬ್‌ಗೂ ಮುಖ್ಯ ನ್ಯಾಯಮೂರ್ತಿಗೂ ಒಂದೇ ಹೆಸರು, ರಾಬರ್ಟಸ್. ಆಗಿನ ಮುಖ್ಯ ನ್ಯಾಯಮೂರ್ತಿ ಜಾನ್ ಕ್ಯಾವೆಂಡಿಶ್‌ನನ್ನು ದಂಗೆಕೋರರು ಸಫಕ್‌ನಲ್ಲಿ ಹಿಡಿದು ತಲೆ ಕಡಿದರು. ಬರಿ ಸೇಂಟ್ ಎಡ್ಮಂಡ್ಸ್ ಮಠದ ಮುಖ್ಯಸ್ಥ ಜಾನ್‌ನ ತಲೆಯನ್ನೂ ತಂದರು. ಎರಡು ತಲೆಗಳನ್ನೂ ಕಂಬದ ಮೇಲೆ ಹಿಡಿದು, ಪಿಸುಗುಟ್ಟುವ ಹಾಗೆ, ಮುತ್ತಿಡುವ ಹಾಗೆ ಆಡಿಸಿದರು. ಕ್ಯಾವೆಂಡಿಶ್ ಜಾಗಕ್ಕೆ ಬಂದವನೇ ಟ್ರೆಸಿಲಿಯನ್. ದಂಗೆಕೋರರನ್ನು ಸಾಲು ಸಾಲಾಗಿ ನೇಣಿಗೆ ಹಾಕಿಸಿದ. ಪಾದ್ರಿ ಜಾನ್ ಬಾಲ್‌ಗೆ ಸೇಂಟ್ ಆಲ್ಬನ್ಸ್‌ನಲ್ಲಿ ಶಿಕ್ಷೆ ವಿಧಿಸಿದವನೂ ಇವನೇ.

ಏಳು ವರ್ಷದಲ್ಲಿ ಗಾಳಿ ತಿರುಗಿತು. ಎರಡನೆಯ ರಿಚರ್ಡ್ ದೊರೆಯ ಕಡೆಯವನೆಂದು ವಿರೋಧಿ ಸರದಾರರು ಪಾರ್ಲಿಮೆಂಟಿನಲ್ಲಿ ಇವನ ಮೇಲೆ ದ್ರೋಹದ ಆರೋಪ ತಂದರು. ವೇಷ ಮರೆಸಿಕೊಂಡು ವೆಸ್ಟ್‌ಮಿನ್‌ಸ್ಟರ್ ಪಕ್ಕದಲ್ಲೇ ಅಡಗಿದ್ದವನನ್ನು 1388ರ ಫೆಬ್ರವರಿ 19ರಂದು ಹಿಡಿದು ಅದೇ ದಿನ ಗಲ್ಲು ಹಾಕುವ ಜಾಗವಾದ ಟೈಬರ್ನ್‌ಗೆ ಎಳೆದೊಯ್ದರು. ಗಲ್ಲು ಮರದ ಹತ್ತಿರ, ನನ್ನ ಮೈಮೇಲೆ ಒಂದು ವಸ್ತು ಇರುವವರೆಗೂ ನಾನು ಸಾಯುವುದಿಲ್ಲ ಅಂದನಂತೆ. ಬಟ್ಟೆ ಬಿಚ್ಚಿ ನೋಡಿದರು. ತಾಯತಗಳು. ಒಂದರಲ್ಲಿ ದೆವ್ವದ ತಲೆಯ ಚಿತ್ರ, ಜೊತೆಗೆ ಸಾಲು ಸಾಲಾಗಿ ಬರೆದ ದೆವ್ವಗಳ ಹೆಸರುಗಳು. ಅವನ್ನೆಲ್ಲ ಕಿತ್ತು ತೆಗೆದು, ಬೆತ್ತಲೆಯಾಗಿ ನೇಣು ಹಾಕಿದರು. ಸತ್ತದ್ದು ಖಾತ್ರಿಯಾಗಲಿ ಅಂತ ಕತ್ತನ್ನೂ ಕೊಯ್ದರು.

1413ರ ಕಾಯ್ದೆಗೆ ಇನ್ನೂ 25 ವರ್ಷ ಬಾಕಿ ಇತ್ತು. ಆದರೂ ಆ ಆರೋಪಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಕಸುಬು ಬರೆದಿದ್ದಾರೆ: ರಾಬರ್ಟ್ ಟ್ರೆಸಿಲಿಯನ್, ಸುಳ್ಳು ನ್ಯಾಯಾಧೀಶ.